ಬೊಂಬೆಯ ಏಟು

ಆರು ಸಿನಿಮಾಗಳಲ್ಲಿ ಅವನು ನಾಯಕನ ಕೈಯಲ್ಲಿ ಹೊಡೆತ ತಿಂದಿದ್ದ. ಅದು ನಟನೆಯ ಹೊಡೆತವಾಗಿದ್ದರೆ ಮಾತಿರಲಿಲ್ಲ. ಆದರೆ ನಾಯಕನಿಗೆ ಎಲ್ಲವೂ 'ನ್ಯಾಚುರಲ್' ಆಗಬೇಕು. ಕ್ಯಾಮೆರಾ ಚಾಲೂ ಆಯಿತೆಂದರೆ ಕೈ ನೇರ ಕೆನ್ನೆಗೇ ಬೀಳುತ್ತಿತ್ತು. ಕಳೆದ ಸಿನಿಮಾದಲ್ಲಿ ಎಡಗಿವಿಯ ತಮಟೆ ಹರಿದು ಕತ್ತಿನವರೆಗೆ ರಕ್ತ ಸೋರಿದಾಗಲೂ ಆ ಮಹಾಶಯ, "ಏ ಬೊಂಬೆ, ಅಂಗಡಿ ಗಾಜಿನ ಹಿಂದೇನೇ ನಿಂತಿದ್ರೆ ಇದೆಲ್ಲ ಸಿಗ್ತಿತ್ತೇನೋ?" ಎಂದು ಬೆನ್ನು ತಟ್ಟಿದ್ದ. ಸೆಟ್ಟಿಗೆ ಸೆಟ್ಟೇ ನಕ್ಕಿತ್ತು. ಅವನೂ ನಕ್ಕ. ನಗದಿದ್ದರೆ ಮುಂದಿನ ಸಿನಿಮಾದಲ್ಲಿ ಹೊಡೆತವೂ ಇಲ್ಲ, ಊಟವೂ ಇಲ್ಲ.

ಒಂದು ಕಾಲಕ್ಕೆ ಅವನು ಮಾಡೆಲ್; ಬಟ್ಟೆ ಅಂಗಡಿಗಳ ಫಲಕದ ಮೇಲೆಲ್ಲ ಅವನದೇ ಮುಖವಿತ್ತು. ಈಗ ನಾಯಕನ ಗೆಳೆಯ, ನಾಯಕನ ಭಾವ, ಖಳನ ತಮ್ಮ. ಹಣೆಬರಹ ಎಂದುಕೊಂಡು ಸುಮ್ಮನಿರುತ್ತಿದ್ದನೇನೋ. ಆದರೆ ಒಂದು ದಿನ ನಿರ್ಮಾಪಕ ಹೆಗಲ ಮೇಲೆ ಕೈ ಹಾಕಿ, "ಈ ಹೀರೋ ಕಾಟ ಸಾಕಾಗಿದೆ ಕಣಯ್ಯ. ಅವನೇನಾದ್ರೂ ಕೈ ಕೊಟ್ರೆ ಮುಂದಿನದಕ್ಕೆ ನೀನೇ ಹೀರೋ" ಅಂದುಬಿಟ್ಟ. ಅಂದಿನಿಂದ ಅವನಿಗೆ ಬೇರೆ ಯೋಚನೆಯೇ ಇಲ್ಲ.

ಕೊನೆಯ ದೃಶ್ಯದಲ್ಲಿ ಬಿಳಿ ಕೋಟು ತೊಟ್ಟು ಅವನೇ ನಾಯಕನ ಹೊಟ್ಟೆಗೆ ಚಾಕು ಹಾಕಬೇಕು. ಚಾಕು ಎರಡಿದ್ದವು. ಹೊಳಪು ತೋರಿಸಲು ಅಸಲಿಯದೊಂದು; ಚುಚ್ಚಲು ಸ್ಪ್ರಿಂಗಿನದೊಂದು, ಒತ್ತಿದರೆ ಅಲಗು ಹಿಡಿಯೊಳಕ್ಕೆ ಹೋಗುತ್ತದೆ. ನೋಡಲು ಎರಡೂ ಅವಳಿಜವಳಿ. ಅವುಗಳನ್ನು ಕಾಯುವವನು ಸೆಟ್ಟಿನ ಸಾಮಾನು ನೋಡಿಕೊಳ್ಳುವ ಮುದುಕ, ಎಲ್ಲರಿಗೂ ಮಾವ. ಕನ್ನಡಕ ಹಣೆಗೇರಿಸಿಕೊಂಡು ಕನ್ನಡಕವನ್ನೇ ಹುಡುಕುವ ಆಸಾಮಿ. ಮಾವ ಮರೆತ ಎಂದರೆ ಅತ್ತೆಯೂ ನಂಬುತ್ತಾಳೆ. ಬೆರಳಚ್ಚಿನ ಭಯವೂ ಇಲ್ಲ. ತನ್ನ ಬೆರಳು ಚಾಕುವಿನ ಮೇಲೆ ಇರಲೇಬೇಕಲ್ಲ! ದೀಪ ಹಾಕಿ, 'ಆಕ್ಷನ್' ಎಂದು ಕೂಗಿ, ಅವರೇ ಮಾಡಿಸುವ ಕೊಲೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಊಟದ ಬಿಡುವಿನಲ್ಲಿ ಮಾವ ಕೈ ತೊಳೆಯಲು ಎದ್ದ. ಅಷ್ಟರಲ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಚಾಕುಗಳು ಅದಲುಬದಲಾದವು. ಶಾಟಿಗೆ ಮುಂಚೆ ಅವನು ಎಲ್ಲರಿಗೂ ಕೇಳುವಂತೆ, "ಮಾವ, ಇದು ಸ್ಪ್ರಿಂಗಿನದೇ ತಾನೇ?" ಎಂದ.

"ಅಯ್ಯೋ, ನಾನೇನು ನಿನ್ನೆ ಮೊನ್ನೆ ಬಂದೋನಾ? ತಗೊಳಪ್ಪ."

ಚುಚ್ಚಿದ. ಚರ್ಮ ಒಂದು ಕ್ಷಣ ತಡೆಯಿತು, ಆಮೇಲೆ ಅಲಗು ಹಿಡಿಯವರೆಗೂ ಇಳಿಯಿತು. ನಾಯಕನ ಕಣ್ಣಿಗೆ ಮೊದಲು ಬಂದದ್ದು ಸಿಟ್ಟು, ಬೊಂಬೆ ಇಷ್ಟು ಜೋರಾಗಿ ತಳ್ಳಿತಲ್ಲ ಎಂದು. ನಿರ್ದೇಶಕ ಹೇಳಿಕೊಟ್ಟಂತೆಯೇ ಅವನು ಚಾಕು ತಿರುವಿ ಹೊರಗೆಳೆದ. ರಕ್ತ ಚಿಲ್ಲೆಂದು ಚಿಮ್ಮಿತು. "ಅಬ್ಬಾ! ಕಟ್!" ಎಂದು ನಿರ್ದೇಶಕ, ಯಾರೋ ರಕ್ತ ಮೊದಲೇ ಕಟ್ಟಿಬಿಟ್ಟಿದ್ದಾರೆ ಎಂದುಕೊಂಡು, ಚಪ್ಪಾಳೆ ತಟ್ಟಿದ. ನಾಯಕ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಒದ್ದಾಡಿದ, ಬಾಯಿಂದಲೂ ರಕ್ತ ಕಾರಿದ, ಆಮೇಲೆ ಅಲುಗಲಿಲ್ಲ. ಚುಚ್ಚಿದವನ ಹೊಟ್ಟೆ ತಣ್ಣಗಾಯಿತು. ಮಾವನ ಕೊರಳಪಟ್ಟಿ ಹಿಡಿದು, "ಏನ್ ಮಾಡಿಬಿಟ್ಟೆ ಮಾವ!" ಎಂದು ಗೋಳಾಡಿದ. ಅಷ್ಟು ಚೆನ್ನಾಗಿ ಅವನು ಯಾವ ಸಿನಿಮಾದಲ್ಲೂ ನಟಿಸಿರಲಿಲ್ಲ. ಮಾವ ಕನ್ನಡಕಕ್ಕಾಗಿ ಜೇಬು ತಡಕಾಡುತ್ತಿದ್ದ. ಪೊಲೀಸರು ಬಂದು ಮಾವನ ತೋಳು ಹಿಡಿದು ಜೀಪಿಗೆ ಹತ್ತಿಸಿದರು.

ಇನ್ಸ್‌ಪೆಕ್ಟರಮ್ಮ ಮಾನಿಟರಿನ ಮುಂದೆ ಕೂತು ಆ ಶಾಟನ್ನು ನಿಧಾನವಾಗಿ ಓಡಿಸಿ ನೋಡಿದಳು. ಪಕ್ಕದಲ್ಲಿ ಅವನು ಕಣ್ಣೊರೆಸಿಕೊಳ್ಳುತ್ತಿದ್ದ. "ಈ ಶಾಟಿಗೆ ರಕ್ತದ ಚೀಲ ಕಟ್ಟಿದ್ರಾ?" ಎಂದು ಕೇಳಿದಳು. "ಇಲ್ಲ ಮೇಡಂ, ರಕ್ತ ಇದ್ದಿದ್ದು ಮುಂದಿನ ಶಾಟಿಗೆ. ಇದ್ರಲ್ಲಿ ಒಂದು ಹನೀನೂ ಬರಬಾರದಿತ್ತು" ಎಂದ ಮೇಕಪ್ಪಿನವನು. ಆಕೆ ಚಿತ್ರ ನಿಲ್ಲಿಸಿದಳು. ಚಾಕು ಇನ್ನೂ ನಾಯಕನ ಹೊಟ್ಟೆಯೊಳಗೇ ಇತ್ತು, ಹೊರಗೆ ಒಂದು ತೊಟ್ಟು ರಕ್ತವಿರಲಿಲ್ಲ. ಆದರೆ ತೊಟ್ಟ ಬಟ್ಟೆ ಅಂಗಡಿಯವರದು, ಕಲೆಯಾದರೆ ಕೆಲಸ ಹೋಯಿತು ಎಂದು ಮಾಡೆಲ್ ಕಾಲದಲ್ಲಿ ವರ್ಷಗಟ್ಟಲೆ ಕಲಿತ ಬೊಂಬೆಯ ಎಡಗೈ ತಾನೇ ತಾನಾಗಿ ತನ್ನ ಬಿಳಿ ಕೋಟಿನ ಅಂಚನ್ನು ಮೇಲೆತ್ತಿ ಪಕ್ಕಕ್ಕೆ ಸರಿಸಿ ಹಿಡಿದಿತ್ತು. ಇನ್ಸ್‌ಪೆಕ್ಟರಮ್ಮ ಅವನತ್ತ ತಿರುಗಿದಳು. "ಬರಬಾರದ ರಕ್ತಕ್ಕೆ ನೀವ್ಯಾಕಪ್ಪ ಮೊದಲೇ ಕೋಟು ಎತ್ತಿ ಹಿಡಿದ್ರಿ?"