ಕಡಿದ ಲಂಗರು ಹಗ್ಗ

"ದೋಣಿ ಕೊಡಿ. ಅವರಿಬ್ಬರನ್ನೂ ಕರ್ಕೊಂಡು ಬರ್ತೀನಿ," ಎಂದ ಗೆರಾಸಿಮ್.

ಕಮ್ಚಾಟ್ಕಾದಿಂದ ಪೂರ್ವಕ್ಕೆ ಹೊಸ ನೆಲ ಹುಡುಕಿ ಹೊರಟಿದ್ದ 'ಫೆವ್ರೋನಿಯಾ' ಹಡಗಿಗೆ ದಾರಿ ತೋರುವವನು ಅವನೇ. ಹಿಂದಿನ ದಿನ ನಜಾರ್ ಮತ್ತು ಲಾವ್ರೆಂತಿ ಸಿಹಿನೀರು ತರಲು ದ್ವೀಪಕ್ಕೆ ಇಳಿದಿದ್ದರು. ಅವರು ಮರಳಿ ಹೊರಟಾಗಲೇ ಬಿರುಗಾಳಿ ಎದ್ದಿತು. ಹಡಗು ಬಂಡೆಗಳತ್ತ ಜಾರತೊಡಗಿತು. ಗೆರಾಸಿಮ್ ಕೊಡಲಿ ಎತ್ತಿ ಲಂಗರಿನ ಹಗ್ಗ ಕಡಿದುಬಿಟ್ಟ. ಹಡಗು ಉಳಿಯಿತು. ಕಪ್ತಾನ ಎಲ್ಲರೆದುರು ಅವನ ಬೆನ್ನು ತಟ್ಟಿದ. ಆದರೆ ಅವರಿಬ್ಬರ ದೋಣಿ ಬಂದು ಸೇರುವಷ್ಟು ಹೊತ್ತು ಹಗ್ಗ ತಡೆಯುತ್ತಿತ್ತೆಂದು ಗೆರಾಸಿಮನಿಗೆ ಗೊತ್ತಿತ್ತು. ಅವನು ಹೆದರಿ ಕಡಿದಿದ್ದ.

ಗಾಳಿ ತಗ್ಗಿದ ಮೇಲೆ ಹಡಗು ಮರಳಿ ಬಂದಿತ್ತು. ದ್ವೀಪದ ತುದಿಯಲ್ಲಿ ಹೊಗೆ ಏಳುತ್ತಿತ್ತು.

"ಬೇರೆ ಯಾರನ್ನಾದ್ರೂ ಕಳಿಸ್ತೀನಿ, ಗೆರಾಸಿಮ್ ಲುಕಿಚ್," ಎಂದ ಕಪ್ತಾನ.

"ನಾನೇ ಹೋಗ್ಬೇಕು," ಎಂದ ಗೆರಾಸಿಮ್, ತಲೆ ಎತ್ತದೆ.

ಹಳೆಯ ನಾವಿಕ ಪಂಕ್ರಾತ್ ದೋಣಿಗೆ ಜಿಗಿದ. "ಹಗ್ಗ ಕಡಿಯೋಕೆ ಒಬ್ಬ ಸಾಕು. ಹುಟ್ಟು ಹಾಕೋಕೆ ಇಬ್ಬರು ಬೇಕು."

ಗೆರಾಸಿಮನ ಕಿವಿ ಬಿಸಿಯಾದವು. ಹುಟ್ಟು ಹಿಡಿದ.

ಮರವೊಂದೂ ಇಲ್ಲದ ದ್ವೀಪ ಅದು. ಕಪ್ಪು ಬಂಡೆಗಳ ಮೇಲೆ ಕಡಲಸಿಂಹಗಳು ಒತ್ತೊತ್ತಾಗಿ ಬಿದ್ದುಕೊಂಡು ಗುಟುರು ಹಾಕುತ್ತಿದ್ದವು. ಅವುಗಳ ಹಿಂದೆ ಮಂಜು ಬೆಟ್ಟವನ್ನು ಅರ್ಧಕ್ಕೇ ನುಂಗಿ ನಿಂತಿತ್ತು. ಬಂಡೆಗಳ ನಡುವೆ ಒಂದೇ ಒಂದು ಕಿರಿದಾದ ಸಂದು. ಅಲ್ಲಿ ನೀರು ಒಮ್ಮೆ ಒಳಕ್ಕೆ ನುಗ್ಗಿ, ಒಮ್ಮೆ ತಳ ಕಾಣುವಂತೆ ಹಿಂದಕ್ಕೆ ಸರಿಯುತ್ತಿತ್ತು.

"ಈಗ!" ಎಂದು ಕೂಗಿದ ಗೆರಾಸಿಮ್.

ದೋಣಿ ಹಾರಿತು. ಪಕ್ಕದ ಹಲಗೆ ಬಂಡೆಗೆ ಉಜ್ಜಿ ಸೀಳಿತು. ನೀರು ಒಳಬಂತು.

ಎದೆಮಟ್ಟದ ಅಲೆಯಲ್ಲಿ ನಿಂತಿದ್ದ ನಜಾರ್ ದೋಣಿಯ ಮೂತಿ ಹಿಡಿದು ಎಳೆದ. ಅವರಿಬ್ಬರ ದೋಣಿ ಬಿರುಗಾಳಿಗೆ ಚೂರಾಗಿತ್ತು. ಲಾವ್ರೆಂತಿಯ ಕಾಲು ಮುರಿದಿತ್ತು. ಅವನನ್ನು ಹೊತ್ತು ತಂದು ಮಲಗಿಸಿ, ಸೀಳಿಗೆ ಗೆರಾಸಿಮ್ ತನ್ನ ಕುರಿತೊಗಲಿನ ಕೋಟು ತುರುಕಿದ. ನಜಾರ್, ಪಂಕ್ರಾತ್ ಹುಟ್ಟು ಹಾಕಿದರು. ಗೆರಾಸಿಮ್ ಚುಕ್ಕಾಣಿ ಹಿಡಿದ.

"ಹಾಳು ಹಗ್ಗ, ನಿನ್ನೆಯೇ ತುಂಡಾಗ್ಬೇಕಿತ್ತಾ," ಎಂದು ನರಳಿದ ಲಾವ್ರೆಂತಿ. "ನೀವೆಲ್ಲ ಮುಳುಗಿದ್ರಿ ಅಂತ ಅತ್ತುಬಿಟ್ಟೆ."

ಗೆರಾಸಿಮ್ ಚುಕ್ಕಾಣಿಯಿಂದ ಕಣ್ಣೆತ್ತಿದ. "ತುಂಡಾಗ್ಲಿಲ್ಲ. ನಾನೇ ಕಡಿದೆ."

"ಕೊಡಲಿ ಎತ್ತಿದ್ದು ನಂಗೆ ಕಾಣಿಸ್ತು," ಎಂದ ನಜಾರ್, ಹುಟ್ಟು ನಿಲ್ಲಿಸದೆ. "ಇವನಿಗೆ ಹೇಳ್ಲಿಲ್ಲ ಅಷ್ಟೆ."

"ಆದ್ರೂ ನಮಗೆ ಕಾಣ್ಲಿ ಅಂತ ಬೆಂಕಿ ಹಾಕಿದ್ಯಲ್ಲ?" ಎಂದ ಗೆರಾಸಿಮ್.

"ಬರೋಕೆ ಇನ್ನೊಂದು ಹಡಗು ಇರ್ಲಿಲ್ಲವಲ್ಲ."

ಪಂಕ್ರಾತ್ ನಕ್ಕ. ಲಾವ್ರೆಂತಿ ಮುಖ ತಿರುಗಿಸಿಕೊಂಡ. ಅಷ್ಟರಲ್ಲಿ ಸಂದಿನ ಬಾಯಲ್ಲಿ ದೊಡ್ಡ ಅಲೆ ಎದ್ದಿತು. ಗೆರಾಸಿಮನಿಗೆ ನಿನ್ನೆಯಂತೆಯೇ ಹೆದರಿಕೆಯಾಯಿತು. ಈ ಸಲ ಅವನು ಕಾದ. ಅಲೆ ಒಡೆದು ಚದುರುವ ತನಕ ಕಾದು, "ಎಳೀರಿ," ಎಂದ.

ದೋಣಿ ಸಂದು ದಾಟಿ ತೆರೆದ ಕಡಲಿಗೆ ಬಿತ್ತು.

ಹಡಗಿನಲ್ಲಿ ಕಪ್ತಾನ ವೋಡ್ಕಾ ಬಟ್ಟಲು ಮುಂದೆ ಹಿಡಿದ. ಗೆರಾಸಿಮ್ ಮುಟ್ಟಲಿಲ್ಲ. "ನಿನ್ನೆ ನನ್ನ ಬೆನ್ನು ತಟ್ಟಿದ್ರಿ. ಇನ್ನೂ ಸ್ವಲ್ಪ ಕಾಯ್ಬಹುದಿತ್ತು. ಹೆದರ್ಕೊಂಡೆ."

ನಜಾರ್ ಆ ಬಟ್ಟಲು ತೆಗೆದುಕೊಂಡು ಅರ್ಧ ಕುಡಿದ, ಉಳಿದದ್ದನ್ನು ಲಾವ್ರೆಂತಿಯ ಬಾಯಿಗೆ ಹಿಡಿದ. ಆಮೇಲೆ ಗಡ್ಡ ಒರೆಸಿಕೊಂಡು ಗೆರಾಸಿಮನತ್ತ ತಿರುಗಿದ.

"ಈಗ ಯಾವ ದಿಕ್ಕಿಗೆ?"

ಗೆರಾಸಿಮ್ ದಿಕ್ಸೂಚಿಯ ಮೇಲೆ ಬಾಗಿ ಎರಡು ಸಲ ನೋಡಿದ.

"ಪಶ್ಚಿಮಕ್ಕೆ, ವಾಪಸ್ ಕಮ್ಚಾಟ್ಕಾಗೆ. ಮೊದ್ಲು ಲಾವ್ರೆಂತಿ ಕಾಲು ವಾಸಿಯಾಗ್ಲಿ," ಎಂದ.

ನಜಾರ್ ಹಾಯಿಯ ಹಗ್ಗ ಬಿಚ್ಚಲು ನಡೆದ.