ಮಾಂತು ಹಾಕಿದ ಕೊಕ್ಕೆ

2025ರ ನವೆಂಬರ್ 18, ಮಂಗಳವಾರ, ಮಧ್ಯಾಹ್ನ 3 ಗಂಟೆ 40 ನಿಮಿಷ. ಸದಾಶಿವ ಪೇಠದ ಪೊಲೀಸ್ ಚೌಕಿಗೆ ಶಾಮಲಾ ಎಂಬ ಹೆಂಗಸು ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ಮರಾಠಿಯಲ್ಲಿ ಶುರು ಮಾಡಿ ಎರಡನೆಯ ವಾಕ್ಯಕ್ಕೇ ತೊಡರಿದಳು. ಸಬ್ ಇನ್‌ಸ್ಪೆಕ್ಟರ್ ಹರ್ಷದಾ ಬೆಟಗೇರಿ ಪೆನ್ನು ಕೆಳಗಿಟ್ಟರು.

"ಕನ್ನಡದಾಗ ಹೇಳ್ರಿ. ನಮ್ಮ ಮನಿಯವರೂ ಧಾರವಾಡದವರು."

ಶಾಮಲಾಳ ಗಂಡ ಮಾಂತು, ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಹೊಡೆಯುವವನು. ಹಿಂದಿನ ದಿನ ಬೆಳಿಗ್ಗೆ 11.10ಕ್ಕೆ ಅವನು ಕುಳಿತಿದ್ದ ಹಲಗೆಯ ಹಗ್ಗ ಜಾರಿ, ನಾಲ್ಕನೆಯ ಮಹಡಿಯಿಂದ ಸ್ಕೂಟರ್ ನಿಲ್ಲಿಸುವ ತಗಡಿನ ಮೇಲೆ ಬಿದ್ದಿದ್ದ. ತೊಡೆಯ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆ ಆಗಿತ್ತು.

"ಜೀವ ಅದರಿ. ಆದ್ರ ಬೆಲ್ಟಿನ ಕೊಕ್ಕಿ ಹಾಕಲಾರದ ಇಳದಾನ, ಅವನದ ತಪ್ಪು ಅಂತಾರ ಎಲ್ಲಾರೂ. ಗುತ್ತಿಗೆದಾರ ಅವನ ಕಾರ್ಡ್ ಕಸಗೊಂಡಾನ."

ಎತ್ತರದ ಕೆಲಸಕ್ಕೆ ತರಬೇತಿ ಮುಗಿಸಿದವರಿಗೆ ಕೊಡುವ ಕಾರ್ಡ್ ಅದು. ಅದಿಲ್ಲದೆ ಮಾಂತುವನ್ನು ಇನ್ನು ಯಾವ ಕಟ್ಟಡದಲ್ಲೂ ಹಗ್ಗ ಮುಟ್ಟಗೊಡುತ್ತಿರಲಿಲ್ಲ.

"ಅಂವ ಏನಂತಾನ?"

"ಹಾಕಿದ್ದೆ ಅಂತಾನ. ಕಾಲು ಮುರದ ಬ್ಯಾನಿಗೆ ಅಳಲಿಲ್ರಿ ಮೇಡಂ, ಈ ಮಾತಿಗೆ ಅತ್ತ."

4.15ಕ್ಕೆ ಎಫ್‌ಐಆರ್ ದಾಖಲಾಯಿತು. 5 ಗಂಟೆಗೆ ಹರ್ಷದಾ, ಕಾನ್‌ಸ್ಟೇಬಲ್ ಏಕನಾಥ ಮತ್ತು ಇಬ್ಬರು ಪಂಚರು ಆ ಐದು ಮಹಡಿಯ ಕಟ್ಟಡದ ತಾರಸಿಯಲ್ಲಿದ್ದರು. ಬಣ್ಣದವನಿಗೆ ಹಗ್ಗಗಳು ಎರಡು ಬಗೆ: ಹಲಗೆಯನ್ನು ಹೊರುವವು, ಮತ್ತು ಪಕ್ಕದಲ್ಲಿ ಸಡಿಲವಾಗಿ ಇಳಿಬಿಟ್ಟ ಜೀವರಕ್ಷಕ ಹಗ್ಗ. ಬೆಲ್ಟಿನ ಕೊಕ್ಕೆ ಕಚ್ಚಿಕೊಳ್ಳಬೇಕಾದದ್ದು ಈ ಎರಡನೆಯದನ್ನು.

ಕೆಲಸದ ಮೇಲ್ವಿಚಾರಕ ಶಿವಪ್ಪ, ಐವತ್ತರ ಆಸುಪಾಸಿನವನು, ಪಕ್ಕದಲ್ಲೇ ನಿಂತಿದ್ದ.

"ಹಗ್ಗದ ಕೆಲಸ ಅವಗ ಕಲಿಸಿದ್ದು ನಾನರಿ. ಮರತಾನ. ಏನ್ ಮಾಡ್ತೀರಿ?"

"ಬೆಲ್ಟು ಎಲ್ಲದ?"

"ದವಾಖಾನ್ಯಾಗ ಉಳದಿರಬೇಕ್ರಿ."

ನಿಪ್ಪಾಣಿ ಕಡೆಯ ಏಕನಾಥ ಜೀವರಕ್ಷಕ ಹಗ್ಗವನ್ನು ಮೇಲೆ ಎಳೆಯತೊಡಗಿದ. "ನನ್ನ ಹೊಟ್ಟಿ ನೋಡಿ ಈ ಹಗ್ಗಾನ ಅಂಜತದ ಮೇಡಂ," ಎಂದು ನಗುತ್ತಿದ್ದವನು ತಟ್ಟನೆ ನಿಂತ. ಬೆರಳಿಗೆ ಒರಟು ಸಿಕ್ಕಿತ್ತು. ಆರು ಸೆಂಟಿಮೀಟರ್ ಉದ್ದಕ್ಕೆ ನೈಲಾನ್ ಕರಗಿ, ಗಟ್ಟಿಯಾಗಿ ಹೊಳೆಯುತ್ತಿತ್ತು. ಜಾಗ ನಾಲ್ಕನೆಯ ಮಹಡಿಯ ಮಟ್ಟಕ್ಕೆ ಸರಿಹೊಂದಿತು. ಏನೋ ಭಾರವಾದದ್ದು ಅಲ್ಲಿ ಹಗ್ಗವನ್ನು ಕಚ್ಚಿ ಜಾರಿತ್ತು. ಪಂಚನಾಮೆ 5.50ಕ್ಕೆ ಮುಗಿಯಿತು.

ಮರುದಿನ ಬೆಳಿಗ್ಗೆ 9 ಗಂಟೆಗೆ ಆಸ್ಪತ್ರೆಯ ರಿಜಿಸ್ಟರ್ ನೋಡಿದರು. 'ಶರ್ಟ್, ಪ್ಯಾಂಟ್, ಬೆಲ್ಟು. ಪಡೆದವರು: ಶಿವಪ್ಪ.' ಎದುರಿಗೆ ಅವನದೇ ಸಹಿ.

11 ಗಂಟೆಗೆ ಮಾರ್ಕೆಟ್ ಯಾರ್ಡ್ ಹತ್ತಿರದ ಅವನ ಖೋಲಿಯ ಶೋಧ ನಡೆಯಿತು. ಮಂಚದ ಕೆಳಗೆ ಪ್ಲಾಸ್ಟಿಕ್ ಕೂಡ ಬಿಚ್ಚದ ನಾಲ್ಕು ಹೊಸ ಬೆಲ್ಟುಗಳ ಪೆಟ್ಟಿಗೆ. ಮೇಲೆ ದೇವರ ಮಾಡದಲ್ಲಿ, ಅರಿಸಿನ ಕುಂಕುಮ ಹಚ್ಚಿದ ಒಂದು ಹಳೆಯ ಬೆಲ್ಟು, ಪಕ್ಕದಲ್ಲಿ ಚೆಂಡುಹೂವು. ಕೊಕ್ಕೆಗೆ ಹೋಗುವ ಪಟ್ಟಿ ನಡುವೆ ಹರಿದಿತ್ತು. ಶಿವಪ್ಪ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ. ಒಳಗೆ ಬರಲಿಲ್ಲ.

ಮಧ್ಯಾಹ್ನ, ಸುರಕ್ಷತಾ ಸಾಮಗ್ರಿ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಮೈಸೂರಿನ ಇಂಜಿನಿಯರ್ ಇಂಪನಾ ಆ ಪಟ್ಟಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದಳು.

"ಪಟ್ಟಿ ಮಧ್ಯ ಮಡಚಿ ಹೊಲ್ದಿರೋ ಈ ಪ್ಯಾಕ್ ನೋಡಿ ಮೇಡಂ. ಬಿದ್ದಾಗ ಹೊಲಿಗೆ ಒಂದೊಂದಾಗಿ ಬಿಚ್ಕೊಂಡು ಜರ್ಕ್ ಕಮ್ಮಿ ಮಾಡತ್ತೆ. ಒಂದ್ಸಲ ಓಪನ್ ಆದ್ರೆ ಮುಗೀತು, ಬಿಸಾಕ್ಬೇಕು. ಇದನ್ನ ಯಾರೋ ಬ್ಯಾಗ್ ಮಷೀನಲ್ಲಿ ತಿರ್ಗ ಹೊಲ್ಸಿದಾರೆ. ಸಕತ್ ನೀಟಾಗಿ! ಪಟ್ಟಿ ಕಟ್ ಆಗಿರೋದು ಆ ಸೂಜಿ ತೂತಿನ ಸಾಲಲ್ಲೇ."

"ಅಂದ್ರ ಕೊಕ್ಕಿ ಹಾಕಿದ್ದ?"

"ಹಾಕ್ದೇ ಇದ್ರೆ ಇದು ಹರಿಯೋದು ಹೆಂಗೆ ಮೇಡಂ?"

ನವೆಂಬರ್ 20, ಬೆಳಿಗ್ಗೆ 10.30. ಚೌಕಿಯಲ್ಲಿ ಶಿವಪ್ಪನ ವಿಚಾರಣೆ.

"ಹೊಸಾವು ನಾಕು ಇದ್ದು. ಮಾಂತೂಗ ಹಳೇದು ಯಾಕ ಕೊಟ್ಟಿ?"

"ಅದು ಬರೇ ಬೆಲ್ಟಲ್ರಿ. ಎರಡು ವರ್ಷದ ಹಿಂದ ಏಳನೇ ಮಾಳಗಿಯಿಂದ ಬಿದ್ದಾಗ ನನ್ನ ಹಿಡಕೊಂಡಿದ್ದು. ಬಿಚ್ಚಿದ್ದನ್ನ ನಾನ ಹೊಲಸಿದೆ. ಖಂಡೇನವಮಿಗೆ ಆಯುಧದ ಜೋಡಿ ಇಟ್ಟು ಪೂಜಿ ಮಾಡತೀನಿ. ಹೊಸಾ ಬೆಲ್ಟು ಯಾರನ್ನ ಉಳಿಸ್ಯಾವ್ರಿ? ಮಾಂತೂಗ ಕೂಸು ಆತು. ಇದು ಅವನ ಮೈಮ್ಯಾಲ ಇರಲಿ ಅಂದೆ."

"ಮತ್ತ ಸುಳ್ಳು?"

"ಕೊಕ್ಕಿ ಹಗ್ಗಕ್ಕ ಜೋತಾಡತಿತ್ತು. ನಾನ ಬಿಚ್ಚಿದೆ. ಬೆಲ್ಟು ಸೋತದ ಅನ್ನಾಕ ಬಾಯಿ ಬರಲಿಲ್ರಿ. ಮಾಂತು ಮರತಾನ ಅಂದೆ. ಎರಡು ಸಲ ಅನ್ನೂದ್ರಾಗ ನನಗೂ ಖರೇ ಅನಿಸ್ತು."

ನಿರ್ಲಕ್ಷ್ಯದಿಂದ ತೀವ್ರ ಗಾಯ ಮಾಡಿದ್ದು ಮತ್ತು ಸಾಕ್ಷ್ಯ ಅಡಗಿಸಿದ್ದು, ಈ ಎರಡು ಆರೋಪಗಳ ಮೇಲೆ 11.45ಕ್ಕೆ ಬಂಧನವಾಯಿತು. ದ್ವೇಷವಾಗಲಿ ಆಸೆಯಾಗಲಿ ಕಂಡುಬಂದಿಲ್ಲ ಎಂದು ಹರ್ಷದಾ ಕೇಸ್ ಡೈರಿಯಲ್ಲಿ ಬರೆದರು. ಶಿವಪ್ಪನನ್ನು ನಡೆಸಿದ್ದು ಕೃತಜ್ಞತೆ. ಆ ಬೆಲ್ಟು ತನ್ನ ಶಕ್ತಿಯನ್ನೆಲ್ಲ ಅವನ ಮೇಲೆಯೇ ಖರ್ಚು ಮಾಡಿತ್ತೆಂಬುದು ಅವನಿಗೆ ಗೊತ್ತಿರಲಿಲ್ಲ.

ಜಾಮೀನಿನ ಮೇಲೆ ಹೊರಬಂದವನು ನೇರ ಆಸ್ಪತ್ರೆಗೆ ಹೋಗಿ, ಆರು ಮಂದಿ ಕೆಲಸಗಾರರ ಎದುರಿಗೆ, "ಮಾಂತು ಮರತಿರಲಿಲ್ಲ, ಕೊಕ್ಕಿ ಹಾಕಿದ್ದ," ಎಂದ. ಮಾಂತು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದ. ಸ್ವಲ್ಪ ಹೊತ್ತಿಗೆ, "ಕುಂಡ್ರು ಕಾಕಾ," ಎಂದ.

ಪ್ರಯೋಗಾಲಯದ ವರದಿ ತಲುಪಿದ ವಾರದಲ್ಲಿ ಗುತ್ತಿಗೆದಾರ ಕಾರ್ಡ್ ಹಿಂದಿರುಗಿಸಿದ. 2026ರ ಏಪ್ರಿಲ್ 13ರಂದು, ವೈದ್ಯರ ಒಪ್ಪಿಗೆಯೊಂದಿಗೆ, ಮಾಂತು ತರಬೇತಿ ಅಂಗಳದಲ್ಲಿ ಹೊಸ ಬೆಲ್ಟು ತೊಟ್ಟು, ಕೊಕ್ಕೆ ಹಾಕಿ, ಎರಡು ಸಲ ಎಳೆದು ನೋಡಿ, ಏಣಿ ಹತ್ತಿದ. ತರಬೇತುದಾರ ಟೇಪು ಹಿಡಿದು ಪುಸ್ತಕದಲ್ಲಿ ಬರೆದುಕೊಂಡ. ಮೊದಲ ದಿನ ಏರಿದ ಎತ್ತರ ಎರಡು ಮೀಟರ್ ನಲವತ್ತು ಸೆಂಟಿಮೀಟರ್.