ಮಾಳಿಗೆ ಮೇಲಿನ ಹಲ್ಲು

"ಹಳೇ ಹಲ್ಲು ನಿನಗ, ಹೊಸಾ ಹಲ್ಲು ನಮ್ಮ ಹುಡುಗಿಗೆ!"

ಪಂಪಮ್ಮಜ್ಜಿ ಜೋರಾಗಿ ಕೈ ಬೀಸಿದಳು. ನೆಲ್ಲಿಕಾಯಿ ಗಾತ್ರದ ಸಗಣಿ ಉಂಡೆ ಹಾರಿಹೋಗಿ ಮನೆಯ ಮಾಳಿಗೆ ಮೇಲೆ ಪಚಕ್ ಎಂದು ಬಿತ್ತು. ಉಂಡೆಯೊಳಗೆ ಸುಕನ್ಯಾಳ ಮುಂದಿನ ಹಲ್ಲಿನ ಅರ್ಧ ತುಂಡಿತ್ತು.

ಸುಕನ್ಯಾ ಅಂಗಳದಲ್ಲಿ ನಿಂತು, ಬಾಯಲ್ಲಿ ಉಳಿದ ಇನ್ನರ್ಧವನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಒಳ್ಳೇ ಗರಗಸದ ಹಾಗೆ ಚುಚ್ಚುತ್ತಿತ್ತು.

"ಅಜ್ಜಿ, ಮತ್ತ ಬರ್ತೈತಿ ಅಲ್ಲಾ?"

"ಬರದ ಎಲ್ಲಿಗೆ ಹೋಗ್ತೈತಿ? ನಿಮ್ಮಪ್ಪನ ಹಲ್ಲು ಅಷ್ಟೂ ನಾನೇ ಮ್ಯಾಲೆ ಒಗದೀನಿ. ನೋಡು, ಈಗ ಬಾಯಿ ತುಂಬ ಅದಾವ."

ಅಜ್ಜಿಯ ಬಾಯಲ್ಲಿ ಮಾತ್ರ ಇದ್ದದ್ದು ನಾಲ್ಕೇ ಹಲ್ಲು. ಮೇಲೆ ಎರಡು, ಕೆಳಗೆ ಎರಡು. ಅವೂ ಜಗಳವಾಡಿಕೊಂಡವರ ಹಾಗೆ ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಎಲೆ ಅಡಿಕೆಯನ್ನು ಅಜ್ಜಿ ಹಿತ್ತಾಳೆ ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆ ಕುಟ್ಟಾಣಿಗೆ ಬೇರೆ ಏನನ್ನೂ ಹಾಕಗೊಡುತ್ತಿರಲಿಲ್ಲ. "ರುಚಿ ಕೆಡ್ತೈತಿ, ಮುಟ್ಟೀರಿ ಜ್ವಾಕಿ!" ಎಂದು ಎಲ್ಲರನ್ನೂ ಗದರಿಸುತ್ತಿದ್ದಳು.

ಉಳಿದ ಗಟ್ಟಿ ತಿನಿಸಿಗೆಲ್ಲ ಸುಕನ್ಯಾಳೇ ಅಜ್ಜಿಯ ಹಲ್ಲು. ಪೇರಲಕಾಯಿ ಇರಲಿ, ಉತ್ತತ್ತಿ ಇರಲಿ, ಸುಕನ್ಯಾ ಕಟಕ್ ಎಂದು ಕಡಿದು ಎರಡು ಮಾಡುತ್ತಿದ್ದಳು. ಸಣ್ಣ ಚೂರು ಅಜ್ಜಿಗೆ, ದೊಡ್ಡ ಚೂರು ತನಗೆ. "ಇದು ನನ್ನ ಕೂಲಿ," ಎನ್ನುತ್ತಿದ್ದಳು.

ಇವತ್ತೂ ಹಾಗೇ ಉತ್ತತ್ತಿ ಕಡಿದಿದ್ದಳು. ಕಟಕ್ ಎಂಬ ಸದ್ದೇನೋ ಬಂತು. ಆದರೆ ಮುರಿದದ್ದು ಉತ್ತತ್ತಿ ಅಲ್ಲ.

ಸಂಜೆ ಗಿರಣಿಯಿಂದ ಅಪ್ಪ ಗುರುಸಂಗಪ್ಪ ಬಂದ. ಅವನ ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು. ಮಗಳ ಬಾಯಿ ನೋಡಿದವನೇ, "ಅಯ್ಯಯ್ಯ! ಯವ್ವಾ, ಹೆಂಗೂ ಶನಿವಾರ ನಿನ್ನ ಹಲ್ಲಿನ ಸೆಟ್ಟಿಗೆ ಹಗರಿಬೊಮ್ಮನಹಳ್ಳಿಗೆ ಹೋಗಾದೈತಿ. ಇಕೀನೂ ಕರ್ಕೊಂಡು ಹೋಗಾನು," ಎಂದ.

ಅಜ್ಜಿಯ ಸೆಟ್ಟಿನ ಸುದ್ದಿ ಕೊಟ್ಟೂರಿನ ಅವರ ಓಣಿಗೆಲ್ಲ ಗೊತ್ತಿತ್ತು. ಎಮ್ಮೆ ಹಾಲು ಮಾರಿ ಅವಳು ಅದಕ್ಕಂತಲೇ ದುಡ್ಡು ಕೂಡಿಟ್ಟಿದ್ದಳು. "ಸೆಟ್ ಬರ್ಲಿ, ಮೊದ್ಲು ಖಡಕ್ ರೊಟ್ಟಿ ತಿಂತೀನಿ ನೋಡ್ರಿ! ಈ ನೆನಸಿದ ರೊಟ್ಟಿ ತಿಂದೂ ತಿಂದೂ ಸಾಕಾಗೇತಿ," ಎಂದು ಹಾಲಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು.

ಶನಿವಾರ ಮೂವರೂ ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿಗೆ ಹೋದರು. ಬಟ್ಟೆ ಅಂಗಡಿಯ ಮೇಲೆ ಹಲ್ಲಿನ ಡಾಕ್ಟರ್ ಪುಷ್ಪಲತಾ ಅವರ ಕ್ಲಿನಿಕ್ಕು. ಗುಂಡಿ ಒತ್ತಿದರೆ ಮೇಲೇಳುವ ಕುರ್ಚಿ ಸುಕನ್ಯಾಳಿಗೆ ಬಹಳ ಇಷ್ಟವಾಯಿತು. ಇನ್ನೊಂದು ಸಲ ಏರಿಸಿ ಅಂತ ಕೇಳಬೇಕೆನಿಸಿತು. ಅಷ್ಟರಲ್ಲಿ ಡಾಕ್ಟರು ಬಾಯಿಗೆ ಕನ್ನಡಿ ತೂರಿಸಿಬಿಟ್ಟರು.

"ಇದು ಹಾಲುಹಲ್ಲಲ್ಲ ಪುಟ್ಟಿ. ಮತ್ತೆ ಹುಟ್ಟಲ್ಲ."

ಸುಕನ್ಯಾ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಫ್ಯಾನಿನ ಕಡೆ ನೋಡಿದಳು.

"ಕ್ಯಾಪ್ ಹಾಕಬಹುದು. ಅದಕ್ಕೂ ಮೊದಲು ಒಳಗಿನ ನರ ಕ್ಲೀನ್ ಮಾಡಬೇಕು. ಎಲ್ಲಾ ಸೇರಿ ಸಾವಿರದ ಎಂಟುನೂರು ಆಗುತ್ತೆ," ಎಂದರು ಡಾಕ್ಟರು.

"ಬರೇ ಸಿಮೆಂಟ್ ಹಚ್ಚಿದ್ರ ನಡೆಂಗಿಲ್ಲೇನ್ರಿ ಮೇಡಂ?" ಎಂದು ಅಪ್ಪ ಕೇಳಿದ.

"ಕಮ್ಮಿಗೇ ಆಗುತ್ತೆ. ಆದ್ರೆ ಅರ್ಧ ಹಲ್ಲೇ ಹೋಗಿದೆ ನೋಡಿ, ಬಹಳ ದಿನ ನಿಲ್ಲಲ್ಲ."

"ಮತ್ತ ನಮ್ಮವ್ವನ ಸೆಟ್ಟಿಗೆ?"

"ಎರಡು ಸಾವಿರ."

ಅಜ್ಜಿಯ ಎಲೆಸಂಚಿಯಲ್ಲಿದ್ದ ದುಡ್ಡು ಒಂದಕ್ಕೆ ಸಾಕು, ಎರಡಕ್ಕೆ ಸಾಲದು. ಅಪ್ಪ ಒಮ್ಮೆ ತಾಯಿಯ ಮುಖ ನೋಡಿದ, ಒಮ್ಮೆ ಮಗಳ ಮುಖ ನೋಡಿದ. ಅತ್ತ ದರಿ, ಇತ್ತ ಪುಲಿ ಅನ್ನುವ ಹಾಗಾಗಿತ್ತು ಅವನಿಗೆ.

"ನನಗ ಸೆಟ್ ಬ್ಯಾಡ," ಎಂದಳು ಅಜ್ಜಿ ಥಟ್ಟನೆ.

"ಯವ್ವಾ!"

"ಬ್ಯಾಡಂದ್ರ ಬ್ಯಾಡ. ನಮ್ಮ ಪಕ್ಕೀರಮ್ಮ ಸೆಟ್ ಹಾಕಿಸ್ಕೊಂಡು ಬಾವಿ ಇಣುಕಿದ್ಲಂತ. ಸೀನು ಬಂತಂತ. ಸೆಟ್ ಬುಳುಕ್ ಅಂತ ಒಳಗ! ಅಂಥಾದ್ದು ನನಗ್ಯಾಕ ಬೇಕು? ಹುಡುಗಿಗೆ ಮಾಡ್ಸು."

ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸುಕನ್ಯಾಳಿಗೆ ನಗು ಬರಲಿಲ್ಲ. ನಿನ್ನೆ ರಾತ್ರಿ ಅಜ್ಜಿ ಸಾರಿನಲ್ಲಿ ರೊಟ್ಟಿ ನೆನೆಹಾಕಿ, ಅದು ಮೆತ್ತಗಾಗಲಿ ಅಂತ ಕಾಯುತ್ತ ಕೂತಿದ್ದಳು. "ಇನ್ನ ಸ್ವಲ್ಪ ದಿನ ಅಷ್ಟ," ಎಂದು ಆ ರೊಟ್ಟಿಗೇ ಹೇಳಿದ್ದಳು. ಅದನ್ನು ಸುಕನ್ಯಾ ಕೇಳಿಸಿಕೊಂಡಿದ್ದಳು. ಅಜ್ಜಿ ಸುಳ್ಳು ಹೇಳುತ್ತಿದ್ದಾಳೆ!

"ನನಗೂ ಬ್ಯಾಡ," ಎಂದಳು.

"ನಿನಗೇನಾತಲೇ?" ಎಂದ ಅಪ್ಪ.

"ಹಿಂಗಾ ಚಲೋ ಐತಿ. ನೀರು ಹಾರಸಾಕ ಬರ್ತೈತಿ. ನೋಡ್ರಿಲ್ಲಿ!"

ಪಕ್ಕದ ಲೋಟದಿಂದ ಒಂದು ಗುಟುಕು ಬಾಯಿಗೆ ತುಂಬಿಕೊಂಡು, ಮುರಿದ ಹಲ್ಲಿನ ಸಂದಿಯಿಂದ ಚುರ್ ಎಂದು ಚಿಮ್ಮಿಸಿದಳು. ನೀರು ಕುರ್ಚಿಯ ಉಗುಳುವ ತೊಟ್ಟಿಗೆ ಬೀಳಲಿಲ್ಲ. ಅಪ್ಪನ ಇಸ್ತ್ರಿ ಅಂಗಿಗೆ ಬಿತ್ತು.

ಈ ಸಲ ಡಾಕ್ಟರು ಕೈ ಅಡ್ಡ ಹಿಡಿಯದೆ ನಕ್ಕರು. ನಗು ನಿಂತ ಮೇಲೆ, "ಒಂದು ಕೇಳೋದು ಮರೆತೆ. ಮುರಿದ ತುಂಡು ಇದೆಯಾ? ಇದ್ರೆ ಅದನ್ನೇ ಅಂಟಿಸಿ ನೋಡ್ಬಹುದು. ನರ ತೆರೆದುಕೊಂಡಿಲ್ಲ, ಕ್ಯಾಪ್ ಹಾಕದಿದ್ರೆ ಅದನ್ನ ಮುಟ್ಟೋದೇ ಬೇಡ. ಇನ್ನೂರು ರೂಪಾಯಿಗೆ ಆಗುತ್ತೆ," ಎಂದರು.

ಅಜ್ಜಿ ಮತ್ತೆ ಫ್ಯಾನಿನ ಕಡೆ ನೋಡಿದಳು.

"ಎಲ್ಲಿದೆ ಅದು?"

"ಮಾಳಿಗಿ ಮ್ಯಾಲೆ ಐತ್ರಿ," ಎಂದಳು ಸುಕನ್ಯಾ. "ಸಗಣ್ಯಾಗ."

ಮನೆ ಮುಟ್ಟಿದ್ದೇ ತಡ, ಅಜ್ಜಿ ಸೀರೆ ಎತ್ತಿ ಕಟ್ಟಿ ಏಣಿಗೆ ಕಾಲಿಟ್ಟಳು.

"ಯವ್ವಾ, ಇಳಿ! ನಾನು ಹತ್ತತೀನಿ," ಎಂದು ಅಪ್ಪ ಕೂಗಿದ.

"ಒಗದಾಕಿ ನಾನು. ಎಲ್ಲಿ ಬಿತ್ತಂತ ನನಗ ಗೊತ್ತೋ, ನಿನಗ ಗೊತ್ತೋ? ಏಣಿ ಹಿಡಿ ಸುಮ್ನ!"

ಸುಕನ್ಯಾ ಅಜ್ಜಿಯ ಹಿಂದೆಯೇ ಹತ್ತಿದಳು. ಮಾಳಿಗೆ ಮೇಲೆ ಒಂದಲ್ಲ, ಮೂರು ಉಂಡೆ ಒಣಗಿ ಕೂತಿದ್ದವು. ಮೊದಲನೆಯದನ್ನು ಒಡೆದರೆ ಖಾಲಿ. ಎರಡನೆಯದರಲ್ಲಿ ಅಕ್ಕಿಕಾಳಿನಂಥ ಪುಟಾಣಿ ಹಲ್ಲು.

"ಇದು ಪಕ್ಕದ ಮನಿ ಹುಡುಗಂದು. ನಮ್ಮ ಮಾಳಿಗಿಗೇ ಒಗದಾರ ನೋಡು, ಭಾಳ ಶ್ಯಾಣ್ಯಾರು!" ಎಂದು ಅಜ್ಜಿ ಅದನ್ನು ಪಕ್ಕದ ಮಾಳಿಗೆಗೆ ಎಸೆದಳು.

ಮೂರನೆಯ ಉಂಡೆ ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಅಜ್ಜಿ ಅದನ್ನು ಮೆಲ್ಲಗೆ ಉಗುರಿನಿಂದ ಬಿಡಿಸಿದಳು. ಬಿಸಿಲಲ್ಲಿ ಏನೋ ಬೆಳ್ಳಗೆ ಮಿಂಚಿತು.

"ಸಿಕ್ತಲೇ ಗುರುಸಂಗಾ! ಸಿಕ್ತು!" ಎಂದು ಅಜ್ಜಿ ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು.

ಸೋಮವಾರ ತುಂಡು ನೀರಿನ ಡಬ್ಬಿಯಲ್ಲಿ ಕೂತು ಬಸ್ಸಿನಲ್ಲಿ ಹೋಯಿತು. ಡಾಕ್ಟರು ಅದನ್ನು ತೊಳೆದರು, ಮತ್ತೆ ತೊಳೆದರು, ಮೂಸಿ ನೋಡಿ ಇನ್ನೊಮ್ಮೆ ತೊಳೆದರು. ಆಮೇಲೆ ಅಂಟು ಹಚ್ಚಿ ಕೂರಿಸಿ ನೀಲಿ ಲೈಟು ಬಿಟ್ಟರು. ಕನ್ನಡಿಯಲ್ಲಿ ನೋಡಿದರೆ ಹಲ್ಲಿನ ನಡುವೆ ಒಂದು ಸಣ್ಣ ಗೆರೆ, ಅಷ್ಟೇ. ಸುಕನ್ಯಾ ಕನ್ನಡಿಗೆ ಹಲ್ಲು ಕಿರಿದಳು.

"ಆದ್ರೆ ಇನ್ಮೇಲೆ ಈ ಹಲ್ಲಲ್ಲಿ ಗಟ್ಟಿ ಪದಾರ್ಥ ಕಡಿಯೋ ಹಾಗಿಲ್ಲ. ಕಡಿದ್ರೆ ಮತ್ತೆ ಬಿದ್ದುಹೋಗುತ್ತೆ," ಎಂದರು ಡಾಕ್ಟರು. ಹಾಗೆ ಹೇಳಿ ಸೆಟ್ಟಿನ ಅಳತೆಗೆ ಅಜ್ಜಿಯನ್ನು ಕುರ್ಚಿಗೆ ಕರೆದರು. ಸೆಟ್ಟಿಗೆ ಕಮ್ಮಿ ಬಿದ್ದ ಇನ್ನೂರನ್ನು ಅಪ್ಪ ಗಿರಣಿಯ ದುಡ್ಡಿನಿಂದ ತುಂಬಿದ.

ಸೆಟ್ ಬಂದ ದಿನ ಅಜ್ಜಿ ಹೊಸ ಮದುಮಗಳಂತೆ ಬಾಯಿ ಮುಚ್ಚಿಕೊಂಡೇ ಊರೊಳಗೆ ಬಂದಳು. ಮೊದಲೆರಡು ವಾರ ಮೆತ್ತಗಿನದೇ ತಿಂದು ರೂಢಿ ಮಾಡಿಕೊಂಡಳು. ಆಮೇಲೊಂದು ಸಂಜೆ, ಶೇಂಗಾ ಚಟ್ನಿ ಹಚ್ಚಿದ ಖಡಕ್ ರೊಟ್ಟಿಯನ್ನು ಮುರಿದು ದವಡೆಗಿಟ್ಟಳು. ಕರಕ್! ಅಜ್ಜಿ ಕಣ್ಣು ಮುಚ್ಚಿಕೊಂಡಳು. ಬಹಳ ಹೊತ್ತು ಅಗಿದಳು.

ಸುಕನ್ಯಾ ಉತ್ತತ್ತಿಯ ಡಬ್ಬಿ ನೋಡುತ್ತ ಕೂತಿದ್ದಳು. ಒಂದನ್ನು ಕೈಗೆತ್ತಿಕೊಂಡಳು, ಹಲ್ಲಿನವರೆಗೆ ತಂದಳು, ಮತ್ತೆ ಇಟ್ಟಳು.

ಅಜ್ಜಿ ಎದ್ದು ಹೋಗಿ ಕುಟ್ಟಾಣಿಯನ್ನು ತೊಳೆದು ತಂದಳು. ಎಲೆ ಅಡಿಕೆ ಬಿಟ್ಟು ಬೇರೇನನ್ನೂ ಕಾಣದ ಆ ಕುಟ್ಟಾಣಿಗೆ ಉತ್ತತ್ತಿ ಹಾಕಿ ಟಣ್ ಟಣ್ ಎಂದು ಕುಟ್ಟಿದಳು. ಬೀಜ ತೆಗೆದು, ಎರಡು ಚೂರನ್ನು ಮೊಮ್ಮಗಳ ಅಂಗೈಗೆ ಹಾಕಿದಳು.

"ರುಚಿ ಕೆಡ್ತೈತಿ ಅಂತಿದ್ದೆಲ್ಲ ಅಜ್ಜಿ?"

"ಕೆಟ್ಟರ ಕೆಡ್ಲಿ ಬಿಡು. ತಿನ್ನು."

ಸುಕನ್ಯಾ ಎರಡೂ ಚೂರುಗಳನ್ನು ನೋಡಿದಳು. ದೊಡ್ಡದನ್ನು ಆರಿಸಿ ಅಜ್ಜಿಯ ಕೈಯಲ್ಲಿಟ್ಟಳು.

"ಕೂಲಿ," ಎಂದಳು.

ಅಜ್ಜಿ ಈ ಸಲ ಬ್ಯಾಡ ಅನ್ನಲಿಲ್ಲ.